ಮೂವತ್ತೇಳಂತೂ ನಮ್ದ ಐತಿ

ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದಾಗ ಕೊಪ್ಪಳಕ್ಕೆ ಬೇರೇನು ಸಿಕ್ಕಿತೋ ಬಿಟ್ಟಿತೋ, ಒಂದು ಅಂಕಿಯಂತೂ ಸಿಕ್ಕಿತು. ರಾಯಚೂರಿನ ಗಾಡಿಗಳಿಗೆ ಮೂವತ್ತಾರು, ಕೊಪ್ಪಳದವಕ್ಕೆ ಮೂವತ್ತೇಳು. ಒಂದು ಹೆಚ್ಚೇ ಬಂತಲ್ಲ ಎಂದು ಆಗಿನ ಹಿರಿಯರು ಸಮಾಧಾನಪಟ್ಟರಂತೆ. ಮೊದಲು ರಾಜ್ಯದ ಎರಡಕ್ಷರ, ಆಮೇಲೆ ಈ ಮೂವತ್ತೇಳು, ಆಮೇಲೆ ಸರಣಿಯ ಅಕ್ಷರ, ಕೊನೆಗೆ ನಾಲ್ಕು ಅಂಕಿ. ಇಷ್ಟಿದ್ದರೆ ಕೋಟಿ ಗಾಡಿಗಳ ನಡುವೆಯೂ ಒಂದನ್ನು ಹೆಕ್ಕಿ ತೆಗೆಯಬಹುದು ಎಂಬುದು ಸರ್ಕಾರದ ಲೆಕ್ಕ. ಲೆಕ್ಕವೇನೋ ಸರಿಯಾದದ್ದೇ. ಆದರೆ ಭಾಗ್ಯನಗರದ ಜನ ತಮ್ಮ ಗಾಡಿಯನ್ನು ನಂಬರು ಓದಿ ಗುರುತಿಸುತ್ತಾರೆ ಎಂದು ಸರ್ಕಾರಕ್ಕೆ ಯಾರು ಹೇಳಿದರೋ ತಿಳಿಯದು.

ಮರ್ದಾನಸಾಬನನ್ನೇ ತೆಗೆದುಕೊಳ್ಳಿ. ಅವನದು ಕೂದಲಿನ ವ್ಯಾಪಾರ. ಬಾಚುವಾಗ ಉದುರಿದ ಕೂದಲನ್ನು ಹಳ್ಳಿಯ ಹೆಣ್ಣುಮಕ್ಕಳು ಸುರುಳಿ ಸುತ್ತಿ ಗೋಡೆಯ ಗೂಡಿನಲ್ಲಿ ತುರುಕಿಟ್ಟಿರುತ್ತಾರೆ. ಇವನು ಮೋಟರ್‌ಸೈಕಲ್ಲಿನ ಮೇಲೆ ಓಣಿ ಓಣಿ ಸುತ್ತಿ, ಆ ಕೂದಲನ್ನು ತೂಗಿಕೊಂಡು, ಬದಲಿಗೆ ಸ್ಟೀಲಿನ ಪಾತ್ರೆ ಕೊಡುತ್ತಾನೆ. ಭಾಗ್ಯನಗರದಲ್ಲಿ ಅದನ್ನು ಬಿಡಿಸಿ, ಬಾಚಿ, ಉದ್ದ ನೋಡಿ ಕಟ್ಟು ಕಟ್ಟುವವರು ಬೇಕಾದಷ್ಟು ಮಂದಿ ಇದ್ದಾರೆ. ಇಪ್ಪತ್ತು ವರ್ಷದ ಅನುಭವದಿಂದ ಮರ್ದಾನಸಾಬ ನಿಂತ ಜಾಗದಿಂದಲೇ ಒಂದು ಜಡೆಯ ಉದ್ದ, ತೂಕ, ದರ್ಜೆ ಹೇಳಬಲ್ಲ. ತನ್ನ ಗಾಡಿಯ ನಂಬರು ಮಾತ್ರ ಹೇಳಲಾರ. ಹೇಳುವ ಪ್ರಸಂಗ ಬಂದಿರಲಿಲ್ಲ. ಅವನ ಹಳೆಯ ಪ್ಲೇಟಿನ ನೆತ್ತಿಯ ಮೇಲೆ ಅರ್ಧಚಂದ್ರ, ಬಲಕ್ಕೆ ತಸ್ಲೀಮಾ, ಎಡಕ್ಕೆ ಸಬೀನಾ ಎಂದು ಹೆಣ್ಣುಮಕ್ಕಳ ಹೆಸರು, ನಡುವೆ ಗುಲಾಬಿ, ಅದರ ಕೆಳಗೆ ‘ನೋಡಿ ಉರಕೋಬ್ಯಾಡ’ ಎಂಬ ವಾಕ್ಯ. ಇಷ್ಟೆಲ್ಲ ಬರೆದ ಮೇಲೆ ಪೇಂಟರ್ ಖಾಜಾಸಾಬನಿಗೆ ನೆನಪಾಗಿ, ಉಳಿದ ಸಂದಿಯಲ್ಲಿ ಇರುವೆ ಸಾಲಿನಂತೆ ನಂಬರು ಬರೆದಿದ್ದ. ಪೊಲೀಸರೂ ಅವನನ್ನು ತಡೆಯುತ್ತಿರಲಿಲ್ಲ. ತಡೆದರೆ ಓದಬೇಕಲ್ಲ.

ಇಂಥ ಸುಖದ ದಿನಗಳಲ್ಲಿ ಹಳೇ ಗಾಡಿಗಳೆಲ್ಲ ಸರ್ಕಾರಿ ನಮೂನೆಯ ಹೊಸ ಪ್ಲೇಟು ಹಾಕಿಸಬೇಕೆಂದು ಹುಕುಂ ಬಂತು. ಅಲ್ಯೂಮಿನಿಯಂ ತಗಡು, ಮೂಲೆಯಲ್ಲಿ ಮಿಂಚುವ ಚಕ್ರ, ಉಬ್ಬಿದ ಅಕ್ಷರ, ಬಿಚ್ಚಲು ಬಾರದ ಮೊಳೆ. ಚಂದ್ರನಿಗೆ ಜಾಗವಿಲ್ಲ, ಗುಲಾಬಿಗೆ ಜಾಗವಿಲ್ಲ, ಯಾರೂ ಉರಿದುಕೊಳ್ಳುವಂತೆಯೂ ಇಲ್ಲ. ಪಕ್ಕದ ಮನೆಯ ನೇಕಾರ ಬಾಲಪ್ಪ ದಿನಾ ಬಂದು ಹೆದರಿಸಿದ. ಹಿರಿಮಗಳು ತಸ್ಲೀಮಾ ಕಾಲೇಜಿಗೆ ಹೋಗುವವಳು; ಮೊಬೈಲಿನಲ್ಲೇ ಅರ್ಜಿ ಹಾಕಿ ತಾರೀಖು ಗೊತ್ತು ಮಾಡಿದಳು. ಒಂದು ಗುರುವಾರ ಮರ್ದಾನಸಾಬ ಪಾತ್ರೆಗಳನ್ನು ಮನೆಯಲ್ಲಿ ಇಳಿಸಿ ಕೊಪ್ಪಳಕ್ಕೆ ಹೋದ.

ಅಲ್ಲಿ ಪ್ಲೇಟು ಹಾಕುವಲ್ಲಿ ಹನ್ನೆರಡು ಗಾಡಿ ಸಾಲಾಗಿ ನಿಂತಿದ್ದವು. ಹನ್ನೆರಡೂ ಕಪ್ಪು, ಹನ್ನೆರಡೂ ಒಂದೇ ಕಂಪನಿಯವು, ಹನ್ನೆರಡಕ್ಕೂ ಒಂದೇ ವಯಸ್ಸು. ಹಳೆಯ ಪ್ಲೇಟನ್ನು ಕಿತ್ತು ಕೈಗೆ ಕೊಟ್ಟಾಗ ಮರ್ದಾನಸಾಬ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, ಒಂದು ಗಳಿಗೆ ಗೋಡೆಯ ಕಡೆ ಮುಖ ಮಾಡಿ ನಿಂತ. ತಿರುಗಿದಾಗ ಕೆಲಸ ಮುಗಿದಿತ್ತು. ಸಾಲಿನ ತುದಿಯ ಗಾಡಿಗೆ ಕೀಲಿ ಹಾಕಿ ಒದ್ದ, ಚಾಲೂ ಆಯಿತು, ಮನೆಗೆ ಬಂದ. ಅವನ ಕೀಲಿಯ ವಿಷಯ ಹೇಳಬೇಕು. ಹದಿನಾಲ್ಕು ವರ್ಷ ಸವೆದು ಅದು ಯಾವ ಭೇದವನ್ನೂ ಎಣಿಸದ ಸಂತನ ಸ್ಥಿತಿಗೆ ಮುಟ್ಟಿತ್ತು. ಬಾಲಪ್ಪನ ಟ್ರಂಕನ್ನೂ ಅದರಿಂದಲೇ ತೆರೆಯುತ್ತಿದ್ದರು. ಅವನ ಗಾಡಿಯ ಬೀಗವೂ ಅಷ್ಟೇ ಉದಾರಿ, ಯಾರ ಕೀಲಿ ಹಾಕಿದರೂ ತಿರುಗುತ್ತಿತ್ತು.

ಮಾರನೆಯ ದಿನವೇ ಮರ್ದಾನಸಾಬನಿಗೆ ಹೊಸ ಪ್ಲೇಟಿನ ಮಹಿಮೆ ತಿಳಿಯಿತು. ಬ್ರೇಕು ಒತ್ತಿದರೆ ಗಾಡಿ ನಿಂತಿತು. ಹಾರ್ನು ಒತ್ತಿದರೆ ಕೂಗಿತು. ಏಳೆಂಟು ವರ್ಷದಿಂದ ಇವೆರಡೂ ಅವನ ಅನುಭವಕ್ಕೆ ಬಂದಿರಲಿಲ್ಲ. ಸರ್ಕಾರ ಸುಮ್ಮನೆ ಏನನ್ನೂ ಮಾಡುವುದಿಲ್ಲ, ಆ ಚಕ್ರದಲ್ಲಿ ಏನೋ ಕರೆಂಟು ಇಟ್ಟಿದ್ದಾರೆ ಎಂದು ಅವನು ಓಣಿಯಲ್ಲಿ ವಿವರಿಸಿದ. ಬಾಲಪ್ಪ ಮೊದಲು ನಂಬಲಿಲ್ಲ. ಹತ್ತಿ ಒಂದು ಸುತ್ತು ಹೊಡೆದು ಬಂದು, ಹೊಸ ಪ್ಲೇಟಿಗೆ ಕೈಮುಗಿದು, ತನ್ನ ಗಾಡಿಗೂ ತಾರೀಖು ಗೊತ್ತು ಮಾಡೆಂದು ತಸ್ಲೀಮಾಳಿಗೆ ದುಂಬಾಲು ಬಿದ್ದ. ಸೀಟು ಬೇರೆ ಅನಿಸಲಿಲ್ಲವೇ ಎಂದು ನೀವು ಕೇಳಬಹುದು. ಸೀಟಿನ ಮೇಲೆ ಸದಾ ಗೋಣಿಚೀಲ ಹಾಸಿ, ಹಿಂದೆ ಪಾತ್ರೆಯ ಬುಟ್ಟಿ ಬಿಗಿಯುವವನಿಗೆ ಸೀಟಿನ ಪರಿಚಯ ಎಲ್ಲಿಂದ ಬರಬೇಕು?

ಎಂಟು ದಿನ ಹೀಗೆ ಸರ್ಕಾರವನ್ನು ಹೊಗಳುವುದರಲ್ಲಿ ಕಳೆದವು. ಒಂಬತ್ತನೆಯ ದಿನ ಮುಂಜಾನೆ ಮರ್ದಾನಸಾಬ ಚಹಾ ಕುಡಿಯುತ್ತಿದ್ದಾಗ ಮೊಬೈಲಿಗೆ ಸಂದೇಶ ಬಂತು. ತಸ್ಲೀಮಾ ಓದಿದಳು. ಗಂಗಾವತಿಯ ಒಂದು ಸರ್ಕಲ್ಲಿನಲ್ಲಿ ಹೆಲ್ಮೆಟ್ ಇಲ್ಲದೆ ಹೋದದ್ದಕ್ಕೆ ದಂಡ. ಕ್ಯಾಮರಾ ಹಿಡಿದ ಫೋಟೊವನ್ನೂ ಜೊತೆಗೆ ಕಳಿಸಿದ್ದಾರೆ. ಮನೆಯವರೆಲ್ಲ ಬಾಗಿ ನೋಡಿದರು. ಹಿಂದಿನಿಂದ ತೆಗೆದ ಚಿತ್ರ. ಪ್ಲೇಟಿನ ಮೇಲೆ ನಂಬರು ಕನ್ನಡಿಯಂತೆ ಸ್ಪಷ್ಟ. ತಲೆಗೆ ಟವೆಲ್ ಸುತ್ತಿದ ಗಂಡಸು. ಅವನ ಹಿಂದೆ ಹಳದಿ ಸೀರೆಯ ಒಬ್ಬ ಹೆಂಗಸು. ಅವಳ ಬೆನ್ನ ಮೇಲೆ ನೀಳವಾದ ಜಡೆ.

ಈ ಗಳಿಗೆಯಲ್ಲಿ ಬುದ್ಧಿವಂತ ಗಂಡನಾದವನು ‘ಇದು ನಾನಲ್ಲ’ ಎನ್ನುತ್ತಾನೆ. ಮರ್ದಾನಸಾಬ ಫೋಟೊವನ್ನು ಬೆರಳಿನಿಂದ ಹಿಗ್ಗಿಸಿ, ಕಣ್ಣು ಕಿರಿದು ಮಾಡಿ, ಜಡೆಯನ್ನು ಮೇಲಿನಿಂದ ಕೆಳಗೆ ನೋಡಿದ.

“ಎರಡು ಮೊಳ ಆರಾಮ ಐತಿ,” ಎಂದ. “ತುದಿತನಕಾ ಒಂದ ದಪ್ಪ. ಒಂದನೇ ನಂಬರ ಮಾಲು ಇದು.”

ಹೇಳಿ ಮುಗಿಸಿದ ಮೇಲೆ, ಮನೆಯಲ್ಲಿ ಸಬೀನಾ ರೊಟ್ಟಿ ತಟ್ಟುವ ಸದ್ದೂ ನಿಂತಿದೆ ಎಂಬುದು ಅವನ ಗಮನಕ್ಕೆ ಬಂತು.

ಹೆಂಡತಿ ಲಾಲಬೀಗೆ ಮನೆಮಾತು ಉರ್ದು. ಆದರೆ ಜಗಳವನ್ನು ಅವಳು ಕನ್ನಡದಲ್ಲೇ ಆಡುವವಳು. ಓಣಿಗೆ ತಿಳಿಯದ ಜಗಳ ಆಡಿ ಏನು ಪ್ರಯೋಜನ? ಅಂದು ಮಾತ್ರ ಅವಳ ದನಿ ಏರಲಿಲ್ಲ. ಅದರಿಂದಲೇ ಮರ್ದಾನಸಾಬನಿಗೆ ಹೆಚ್ಚು ಭಯವಾಯಿತು.

“ಜಡಿ ಅಳೀರಿ, ಅದು ನಿಮ್ಮ ಕಸಬು,” ಎಂದಳು. “ನಾ ಕೇಳೂದು ಬ್ಯಾರೆ. ಈ ಗಾಡಿ ಬಂದು ಹದಿನಾಲ್ಕು ವರ್ಷ ಆತು. ಒಂದ ದಿನ ನನ್ನ ಹಿಂದ ಕುಂದರಿಸಿಕೊಂಡು ಹೋಗೀರೇನ್ರಿ? ಕೇಳಿದಾಗೊಮ್ಮೆ ಪಾತ್ರಿ ಅದಾವ, ಜಾಗ ಇಲ್ಲ ಅಂದ್ರಿ. ನನ್ನ ತಂಗಿ ಮದುವಿಗೆ ಸುದ್ದಾ ಬಸ್ಸಿಗೆ ಕಳಿಸಿದ್ರಿ. ಈಕಿಗೆ ಜಾಗ ಹೆಂಗ ಆತು?”

ಮರ್ದಾನಸಾಬ ಆ ದಿನ ತಾನು ಗಂಗಾವತಿಯಲ್ಲಿರಲೇ ಇಲ್ಲ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿದ್ದೆ ಎಂದು ಆಣೆ ಮಾಡಿದ. ಅದಕ್ಕೆ ಸಾಕ್ಷಿ ಯಾರು ಎಂದು ಲಾಲಬೀ ಕೇಳಿದಳು.

“ಸಾಕ್ಷಿ ಬೇಕಾದಷ್ಟು ಅದಾರ,” ಎಂದ ಮರ್ದಾನಸಾಬ ಧೈರ್ಯದಿಂದ. “ನಲವತ್ತು ಮಂದಿ ಹೆಣ್ಮಕ್ಳು.”

ಲಾಲಬೀ ಚೀಲಕ್ಕೆ ಎರಡು ಸೀರೆ ಹಾಕಿಕೊಂಡು ಕುಷ್ಟಗಿಯ ತಮ್ಮನ ಮನೆಗೆ ಹೊರಟುಹೋದಳು. ಬಸ್ಸಿಗೇ ಹೋದಳು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಅರ್ಧ ತಾಸಿನಲ್ಲಿ ಓಣಿಗೆ ಸಂಗತಿ ಮುಟ್ಟಿತು. ಎದುರು ಮನೆಯ ಪಕ್ಕೀರವ್ವ ತನ್ನ ಹಿತ್ತಲಲ್ಲೇ ಕರಿಬೇವಿನ ಗಿಡವಿದ್ದರೂ ಎರಡು ಎಸಳು ಕರಿಬೇವು ಕೇಳಿಕೊಂಡು ಬಂದು, ಫೋಟೊ ನೋಡಿ, ಟವೆಲ್ ಸುತ್ತಿದ ತಲೆಯ ಆಕಾರ ಇವನದೇ ಎಂದು ತೀರ್ಪು ಕೊಟ್ಟು, ಕರಿಬೇವು ಮರೆತು ಹೋದಳು. ಮಧ್ಯಾಹ್ನದ ಹೊತ್ತಿಗೆ ಫೋಟೊದ ಹೆಂಗಸು ಗಂಗಾವತಿಯ ಟೀಚರಮ್ಮನಾದಳು. ಸಂಜೆಗೆ ಅವಳಿಗೆ ಒಂದು ಅಕ್ಕಿ ಗಿರಣಿಯೂ ಬಂತು. ಬಾಲಪ್ಪನೊಬ್ಬನೇ ಗೆಳೆಯನ ಪರ ನಿಂತ. ಅವನ ನಂಬಿಕೆಗೆ ಕಾರಣ ಸರಳವಾದದ್ದು: ಇಂಥ ಕೆಲಸಕ್ಕೆ ಬೇಕಾದ ಚುರುಕು ಮರ್ದಾನಸಾಬನಲ್ಲಿ ಇಲ್ಲ. ಯಾರೋ ಕಳ್ಳರು ನಿನ್ನ ನಂಬರಿನ ನಕಲು ಪ್ಲೇಟು ಮಾಡಿಸಿ ತಿರುಗುತ್ತಿದ್ದಾರೆ, ನಡಿ ಸ್ಟೇಷನ್ನಿಗೆ ಎಂದು ಅವನು ಮರ್ದಾನಸಾಬನನ್ನು ಎಬ್ಬಿಸಿಕೊಂಡು ಹೋದ.

ಸ್ಟೇಷನ್ನಿನಲ್ಲಿ ಹವಾಲ್ದಾರ ನಾಗೇಶ ಕೂತಿದ್ದ. ತಾಳ್ಮೆಯ ಮನುಷ್ಯ. ಎಲ್ಲ ಕೇಳಿಸಿಕೊಂಡು, ಗಾಡಿಯ ನಂಬರು ಏನೆಂದು ಕೇಳಿದ.

“ಮೂವತ್ತೇಳ್ರಿ ಸರ.”

“ಅದು ಜಿಲ್ಲಾಕ್ಕೆಲ್ಲಾ ಐತಪಾ. ಮುಂದಿಂದು ಹೇಳು.”

ಮುಂದಿನದು ಮರ್ದಾನಸಾಬನಿಗೆ ಬರಲಿಲ್ಲ. ಬಾಲಪ್ಪ ಅದರ ಮೇಲೆ ಗುಲಾಬಿ ಇತ್ತೆಂದು ನೆನಪಿಸಿದ. ನಾಗೇಶ ನಿಟ್ಟುಸಿರು ಬಿಟ್ಟು, ಮೊಬೈಲಿನಲ್ಲಿದ್ದ ಫೋಟೊ, ಮರ್ದಾನಸಾಬನ ಕಾಗದಪತ್ರ ಎರಡನ್ನೂ ಹಿಡಿದು ಅಂಗಳಕ್ಕೆ ಬಂದ. ಫೋಟೊದ ನಂಬರು, ಕಾಗದದ ನಂಬರು ಒಂದೇ. ಆಮೇಲೆ ಬಾಗಿ, ಎದುರಿಗೆ ನಿಂತ ಗಾಡಿಯ ಪ್ಲೇಟು ಓದಿದ. ಮತ್ತೊಮ್ಮೆ ಓದಿದ. ಚಾಸಿ ನಂಬರು ನೋಡಬೇಕೆಂದು ಹ್ಯಾಂಡಲಿನ ಕೊರಳು ಕೆರೆಸಿದ. ಬಾಲಪ್ಪ ಕಡ್ಡಿಯಿಂದ ಕೆರೆಯುತ್ತಾ ಹೋದಂತೆ ಮೊದಲು ಕೆಂಪು ಮಣ್ಣು, ಆಮೇಲೆ ಎರೆ ಮಣ್ಣು, ಆಮೇಲೆ ಗದ್ದೆಯ ಕೆಸರು ಬಂದು, ಇಡೀ ಜಿಲ್ಲೆ ಉದುರಿದ ಮೇಲೆ ನಂಬರು ಕಂಡಿತು. ಪ್ಲೇಟಿನಂತೆ ಅದೂ ಮರ್ದಾನಸಾಬನ ಕಾಗದಕ್ಕೆ ತಾಳೆಯಾಗಲಿಲ್ಲ.

“ಗಾಡಿ ಸರಿ ಐತಿ, ಪ್ಲೇಟು ಸರಿ ಐತಿ,” ಎಂದ ನಾಗೇಶ. “ತಪ್ಪಿದ್ದು ನೀ ಒಬ್ಬವನ ನೋಡು. ಎಷ್ಟ ದಿನಾ ಆತು ಮತ್ತೊಬ್ಬರ ಗಾಡಿ ಹೊಡಿಯಾಕ ಹತ್ತಿ?”

ಮರ್ದಾನಸಾಬ ಒಂಬತ್ತು ದಿನ ತನ್ನದೆಂದು ಹೊಗಳಿದ ಬ್ರೇಕನ್ನು ನೋಡಿದ. ಬಾಲಪ್ಪ ಪ್ಲೇಟಿಗೆ ಕೈಮುಗಿದದ್ದು ನೆನಪಾಗಿ ಬೇರೆ ಕಡೆ ನೋಡಿದ.

ನಾಗೇಶ ಕಂಪ್ಯೂಟರಿನಲ್ಲಿ ಹುಡುಕಿಸಿದ. ಗಾಡಿ ನವಲಿಯ ಹನಮೇಶ ಎಂಬ ರೈತನದು. ಅಚ್ಚರಿಯೆಂದರೆ ಅವನಿಂದ ಯಾವ ದೂರೂ ಬಂದಿರಲಿಲ್ಲ. ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಇಟ್ಟ. ನಿನ್ನ ಗಾಡಿ ಕಳೆದಿದೆಯೇನಪ್ಪಾ ಎಂದು ಕೇಳಿದರೆ ಹನಮೇಶನಿಗೆ ಸಿಟ್ಟು ಬಂತು. ತನ್ನ ಗಾಡಿ ತನ್ನ ಕಣ್ಣೆದುರೇ ಬೇವಿನ ಗಿಡದ ಕೆಳಗಿದೆ, ಬೇಕಾದರೆ ಬಂದು ನೋಡಿರಿ ಎಂದ. ಹಾಗಾದರೆ ಹೋಗಿ ನಂಬರು ಓದು ಎಂದ ನಾಗೇಶ. ಚಪ್ಪಲಿಯ ಸದ್ದು ದೂರ ಹೋಯಿತು. ಬಹಳ ಹೊತ್ತಿನ ಮೇಲೆ ನಿಧಾನವಾಗಿ ವಾಪಸು ಬಂತು.

“ಸರ, ಮೂವತ್ತೇಳಂತೂ ನಮ್ದ ಐತ್ರಿ,” ಎಂದ ಹನಮೇಶ. “ಉಳಿದದ್ದು ಯಾರದೋ ಐತಿ.” ತನಗೂ ಸಂಶಯ ಇತ್ತು ಎಂದು ಸೇರಿಸಿದ. “ಈ ಹೊಸ ಪ್ಲೇಟು ಹಾಕಿಸಿದಾಗಿಂದ ಬ್ರೇಕು ಹಿಡಿಯಂಗಿಲ್ರಿ, ಹಾರ್ನು ಒದರಂಗಿಲ್ರಿ. ಸರ್ಕಾರದ್ದ ಏನೋ ಹಲ್ಕಟ್ ತಗಡು ಅಂತ ಬೈಕೋತ ಇದ್ದೆ.”

ಫೋಟೊದ ಹೆಂಗಸು ಯಾರೆಂದು ಮರ್ದಾನಸಾಬ ನಡುವೆ ಬಾಯಿ ಹಾಕಿ ಕೇಳಿದ. ತನ್ನ ಹೆಂಡತಿ ಶರಣಬಸಮ್ಮ, ಅವಳ ಅಣ್ಣನ ಮನೆ ಗೃಹಪ್ರವೇಶಕ್ಕೆ ಹೋಗಿದ್ದೆವು, ನೀನ್ಯಾರು ಕೇಳಲಿಕ್ಕೆ ಎಂದ ಹನಮೇಶ. ಮರ್ದಾನಸಾಬ ಬದುಕಿದೆ ಎಂದುಕೊಂಡ.

ಅವಸರ ಮಾಡಿದ್ದ. ಕುಷ್ಟಗಿಗೆ ಫೋನು ಮಾಡಿದರೆ ಭಾವಮೈದುನ ರೆಹಮಾನ ಎತ್ತಿದ. ಎಲ್ಲವನ್ನೂ ಕೇಳಿ, ಒಳಗೆ ಹೋಗಿ ಅಕ್ಕನಿಗೆ ಹೇಳಿ, ಉತ್ತರ ತಂದ. ಒಂಬತ್ತು ದಿನ ಬೇರೆಯವರ ಗಾಡಿ ಹೊಡೆದು ತಿಳಿಯಲಿಲ್ಲ ಎಂಬ ಕಥೆಯನ್ನು ಪೊಲೀಸರು ನಂಬಬಹುದು, ಹಾಗೆ ನಂಬಲು ತಾನು ಸರ್ಕಾರಿ ನೌಕರಳಲ್ಲ ಎಂದಿದ್ದಾಳಂತೆ. ಆ ಹೆಂಗಸನ್ನು ಎದುರಿಗೆ ನಿಂತು ನೋಡಬೇಕು, ಆ ಜಡೆಯನ್ನೂ ನೋಡಬೇಕು. ಆಮೇಲೆ ಮನೆಗೆ ಬರುವ ಮಾತು.

ನವಲಿಗೆ ಹೋಗಿ ನೀವೇ ಗಾಡಿ ಬದಲಿಸಿಕೊಳ್ಳಿರಿ ಎಂದು ನಾಗೇಶ ಬಿಟ್ಟುಕೊಟ್ಟಿದ್ದ. ಮರ್ದಾನಸಾಬ ಮಾರನೆಯ ಮುಂಜಾನೆ ಅದೇ ಗಾಡಿಯ ಮೇಲೆ ಕುಷ್ಟಗಿಗೆ ಹೋದ. ಹಾದಿಯಲ್ಲಿ ಹಳ್ಳಿ ಸಿಗುತ್ತವೆ ಎಂದು ಅಭ್ಯಾಸಬಲದಿಂದ ಪಾತ್ರೆಯ ಬುಟ್ಟಿಯನ್ನೂ ಬಿಗಿದುಕೊಂಡೇ ಹೋದ. ಇದನ್ನು ನೋಡಿ ಲಾಲಬೀಯ ಮುಖ ಇನ್ನಷ್ಟು ಬಿಗಿಯಿತು. ಬುಟ್ಟಿ ಇಳಿಸುತ್ತೇನೆ, ನವಲಿತನಕ ಹಿಂದೆ ಕೂಡು ಎಂದು ಅವನು ಅಂಗಲಾಚಿದ.

“ಇದು ಹನಮೇಶಪ್ಪಂದು ಅಲ್ಲೇನು?” ಎಂದಳು. “ಗುರ್ತಿಲ್ಲದವ್ರ ಗಾಡಿ ಮ್ಯಾಲೆ ನಾ ಯಾಕ ಕುಂದ್ರಲಿ?”

ಹೀಗಾಗಿ ಲಾಲಬೀ, ರೆಹಮಾನ ಬಸ್ಸಿನಲ್ಲಿ ಹೋದರು; ಮರ್ದಾನಸಾಬ ಬಸ್ಸಿನ ಹಿಂದೆ ಹೋದ. ಕನಕಗಿರಿತನಕ ಅವನಿಗೆ ಕಂಡದ್ದು ಬಸ್ಸಿನ ಬೆನ್ನು ಮತ್ತು ಅದರ ನಂಬರು. ಜೀವನದಲ್ಲಿ ಮೊದಲ ಸಲ ಒಂದು ವಾಹನದ ನಂಬರು ಅವನಿಗೆ ಬಾಯಿಪಾಠವಾಯಿತು. ಅದು ಬಸ್ಸಿನದಾದ್ದರಿಂದ ಉಪಯೋಗಕ್ಕೆ ಬರಲಿಲ್ಲ.

ನವಲಿಯಲ್ಲಿ ಹನಮೇಶನ ಮನೆ ಸಿಗುವುದು ಕಷ್ಟವಾಗಲಿಲ್ಲ. ಬ್ರೇಕಿಲ್ಲದ ಗಾಡಿಯನ್ನು ಬೇವಿನ ಗಿಡಕ್ಕೆ ತಾಗಿಸಿ ನಿಲ್ಲಿಸುವುದನ್ನು ಒಂಬತ್ತು ದಿನದಿಂದ ಊರೆಲ್ಲ ನೋಡುತ್ತಿತ್ತು. ಹನಮೇಶ ಜೋಲು ಮೀಸೆಯ ಸಾಧು ಮನುಷ್ಯ. ಬಂದವರಿಗೆ ನೀರು ಕೊಟ್ಟು, ದಂಡ ತಾನೇ ಕಟ್ಟಿದ್ದೇನೆಂದು ರಸೀದಿ ತೋರಿಸಿದ. ಲಾಲಬೀ ರಸೀದಿಯನ್ನು ನೋಡಲಿಲ್ಲ. ಶರಣಬಸಮ್ಮ ತಲೆತುಂಬ ಸೆರಗು ಹೊದ್ದು ಒಳಗಿನಿಂದ ಬಂದಳು. ಎಲ್ಲರೂ ಆ ಸೆರಗನ್ನೇ ನೋಡುತ್ತ ಕೂತರು. ಪಾತ್ರೆಯ ಬುಟ್ಟಿ ನೋಡಿ ಶರಣಬಸಮ್ಮನಿಗೆ ಇವರು ಕೂದಲಿನವರೆಂದು ತಿಳಿಯಿತು; ಅಷ್ಟೇ ತಿಳಿಯಿತು.

“ಯಕ್ಕಾ,” ಎಂದಳು ಲಾಲಬೀ, “ನಿನ್ನ ಜಡಿ ಒಂದ್ಸಲ ನೋಡಬೇಕಿತ್ತು.”

“ಮಾರೂದಿಲ್ಲ ಯವ್ವಾ, ಮದಿವಿ ಮುಂಜಿವಿಗೆ ಬೇಕಾಗತೈತಿ,” ಎಂದಳು ಶರಣಬಸಮ್ಮ. “ನೋಡೂದಾದ್ರ ನೋಡು. ಅಗಾ, ಅಲ್ಲೈತಿ.”

ಅವಳು ಕೈ ಮಾಡಿದ ಕಡೆ ಎಲ್ಲರೂ ತಿರುಗಿದರು. ಕನ್ನಡಿಯ ಪಕ್ಕದ ಮೊಳೆಗೆ ಎರಡು ಮೊಳದ ಜಡೆ ಜೋತಾಡುತ್ತಿತ್ತು.

ಮರ್ದಾನಸಾಬ ಎದ್ದು ಹೋಗಿ ಅದನ್ನು ಕೈಗೆ ತೆಗೆದುಕೊಂಡ. ತಿರುವಿ ಬುಡದ ಹೊಲಿಗೆ ನೋಡಿದ. ಭಾಗ್ಯನಗರದ ಚೌರಿ, ಅವನ ಮನೆಯ ಹಿಂದಿನ ಎರಡನೇ ಓಣಿಯಲ್ಲಿ ಕಟ್ಟಿದ್ದು. ಮೂರು ಊರಿನ ಮೂರು ತರದ ಕೂದಲು ಸೇರಿಸಿ, ನಡುವೆ ಕಪ್ಪು ದಾರ ಇಟ್ಟು ದಪ್ಪ ಮಾಡಿದ ಮಾಲು. ಒಂದನೇ ನಂಬರು ಹೋಗಲಿ, ಮೂರನೆಯದಕ್ಕೂ ತಕ್ಕದ್ದಲ್ಲ. ಇಪ್ಪತ್ತು ವರ್ಷದ ಅನುಭವವನ್ನು ಅವನು ಮೆಲ್ಲಗೆ ಮತ್ತೆ ಮೊಳೆಗೆ ತೂಗುಹಾಕಿದ.

ಶರಣಬಸಮ್ಮ ಸೆರಗು ಸರಿಸಿ ತನ್ನ ನಿಜವಾದ ತಲೆಯನ್ನು ತೋರಿಸಿದಳು. ಬೆರಳು ಗಾತ್ರದ ಗಂಟು. ಟೈಫಾಯಿಡ್ ಬಂದು ಹೋದಾಗ ಕೂದಲನ್ನೂ ಕರೆದುಕೊಂಡು ಹೋಯಿತಂತೆ. ಲಾಲಬೀ ತನ್ನ ಸೆರಗನ್ನೂ ಸರಿಸಿದಳು. ಎರಡು ಹೆರಿಗೆಯ ಮೇಲೆ ಅವಳದೂ ಅಷ್ಟೇ ಉಳಿದಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಯಾರು ಮೊದಲು ನಕ್ಕರೋ ತಿಳಿಯಲಿಲ್ಲ. ಗಂಡಸರು ಮೂವರೂ ನಗಬೇಕೋ ಬೇಡವೋ ತಿಳಿಯದೆ ಹೊರಗೆ ಬೇವಿನ ಗಿಡದ ಕೆಳಗೆ ಹೋಗಿ ನಿಂತರು. ಒಳಗಿನಿಂದ ಬಂದ ಮಾತಿನ ತುಣುಕುಗಳಿಂದ ಅವರಿಗೆ ತಿಳಿದದ್ದಿಷ್ಟು: ಗಾಡಿ ಹತ್ತಿಸಿಕೊಂಡು ಹೋಗು ಎಂದು ಶರಣಬಸಮ್ಮ ಗಂಡನಿಗೆ ಆರು ವರ್ಷ ಗಂಟುಬಿದ್ದಿದ್ದಳು. ಕೊನೆಗೊಮ್ಮೆ ಹತ್ತಿಸಿಕೊಂಡ ದಿನವೇ ಬ್ರೇಕು ಇಲ್ಲದೆ, ಗಂಗಾವತಿತನಕ ಕಣ್ಣು ಮುಚ್ಚಿ ಹುಲಿಗೆಮ್ಮನನ್ನು ನೆನೆಯುತ್ತ ಹೋಗಿದ್ದಳು.

ಗಾಡಿಗಳ ವಿನಿಮಯ ಶಾಸ್ತ್ರೋಕ್ತವಾಗಿ ನಡೆಯಿತು. ಹನಮೇಶ ಒಂದೊಂದೇ ಅಂಕಿ ಓದಿದ, ರೆಹಮಾನ ಕಾಗದದಲ್ಲಿ ನೋಡಿ ಹೌದೆಂದ, ಮರ್ದಾನಸಾಬ ಸಾಲಿ ಹುಡುಗರಂತೆ ಪ್ರತಿಯೊಂದನ್ನೂ ಮರುನುಡಿದ. ಬುಟ್ಟಿಯನ್ನು ಬಿಚ್ಚಿ ತನ್ನ ಗಾಡಿಯ ಹಿಂದೆ ಇಡಲು ಹೋದಾಗ ನೋಡಿದರೆ, ಅಲ್ಲಿ ಲಾಲಬೀ ಬಂದು ನಿಂತಿದ್ದಳು. ಒಂದು ಕೈ ಸೀಟಿನ ಮೇಲಿತ್ತು.

ರೆಹಮಾನ ಬಸ್ಸಿನ ಹೊತ್ತಾಯಿತೆಂದ. ಅವಳಿಗೆ ಕೇಳಿಸಲಿಲ್ಲ. ಮರ್ದಾನಸಾಬ ಬುಟ್ಟಿ ನೋಡಿದ, ಸೀಟು ನೋಡಿದ, ಹೆಂಡತಿಯನ್ನು ನೋಡಿದ. ಅವನು ನಿಧಾನಿ, ಆದರೆ ಅಂದು ಒಂದು ಸಂಗತಿ ಅವನಿಗೆ ಯಾರೂ ಹೇಳದೆ ತಿಳಿಯಿತು. ದೊಡ್ಡ ಬೋಗುಣಿ, ಪರಾತಗಳನ್ನೆಲ್ಲ ಎತ್ತಿ ಭಾವಮೈದುನನ ಕೈಗೆ ಕೊಟ್ಟ.

“ಇವನ್ನ ಬಸ್ಸಿನ್ಯಾಗ ತೊಗೊಂಡು ಬಾ ರೆಹಮಾನ. ಇಲ್ಲಿ ಜಾಗ ಇಲ್ಲ.”

“ಸಣ್ಣವು ನನ್ನ ತೊಡಿ ಮ್ಯಾಲೆ ಇಡ್ರಿ,” ಎಂದಳು ಲಾಲಬೀ, ಹತ್ತಿ ಕೂತು.

ಗಾಡಿ ಹೊರಟಿತು. ಬ್ರೇಕಿಲ್ಲದ್ದರಿಂದ ಬಹಳ ನಿಧಾನ ಹೋಗಬೇಕಿತ್ತು. ಅದರ ಬಗ್ಗೆ ಇಬ್ಬರಲ್ಲಿ ಯಾರೂ ದೂರಲಿಲ್ಲ. ಕನಕಗಿರಿಯ ಈಚೆಗೆ ಒಂದು ಹಳ್ಳಿ ಬಂತು. ಮರ್ದಾನಸಾಬ ರೂಢಿಯಂತೆ ಕೂಗು ಹಾಕಿ, ಕಾಲೂರಿ ಗಾಡಿ ನಿಲ್ಲಿಸಿದ. ಹೆಂಗಸರು ಕೂದಲಿನ ಸುರುಳಿ ಹಿಡಿದು ಬಂದು, ಹಿಂದೆ ಕೂತ ಲಾಲಬೀಯನ್ನು ನೋಡಿ ಅವಳ ಸುತ್ತ ನೆರೆದರು. ಅವಳು ತಕ್ಕಡಿ ಇಸಿದುಕೊಂಡಳು. ತೂಕಕ್ಕೆಂದು ಎಣ್ಣೆ ಸವರಿದ ಸುರುಳಿಯನ್ನು ಮೂಸಿ ನೋಡಿ ಬದಿಗಿಟ್ಟಳು. ಹೆರಿಗೆಯ ಮೇಲೆ ಕೂದಲು ಉದುರುತ್ತಿದೆ ಎಂದವಳಿಗೆ ಮೆಂತೆ ಅರೆದು ಹಚ್ಚು ಎಂದಳು. ಮರ್ದಾನಸಾಬನ ಎದುರು ಇಪ್ಪತ್ತು ವರ್ಷ ಗೂಡಿನಿಂದ ಅರ್ಧ ಮಾತ್ರ ತೆಗೆಯುತ್ತಿದ್ದವರು ಇವಳೆದುರು ಉಳಿದರ್ಧವನ್ನೂ ತಂದರು. ಮುಂದಿನ ಊರು ದಾಟುವುದರೊಳಗೆ ಅವಳ ತೊಡೆಯ ಮೇಲೆ ಒಂದು ಚಮಚೆಯೂ ಉಳಿದಿರಲಿಲ್ಲ.

ಅಂದಿನಿಂದ ಅವರು ಜೋಡಿಯಾಗಿಯೇ ಹೋಗುತ್ತಾರೆ. ಯಾವ ಊರಿಗೆ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂಬುದು ಹಿಂದಿನ ಸೀಟಿನಲ್ಲಿ ತೀರ್ಮಾನವಾಗುತ್ತದೆ. ಮುಂದೆ ಕೂತವನು ಹ್ಯಾಂಡಲು ಹಿಡಿಯುತ್ತಾನೆ. ಸಾರಿಗೆ ಕಚೇರಿಯ ದಾಖಲೆಯಲ್ಲಿ ಮಾತ್ರ ಮಾಲೀಕನ ಹೆಸರು ಇನ್ನೂ ಮರ್ದಾನಸಾಬನದೇ ಇದೆ. ತಿದ್ದುಪಡಿಗೆ ಇದುವರೆಗೂ ಯಾರೂ ಅರ್ಜಿ ಹಾಕಿಲ್ಲ.